ವರ್ಷಪೂರ್ತಿ ಶಾಲೆ: ರಾಯಚೂರು, ಕೊಪ್ಪಳ, ಬಳ್ಳಾರಿ ಭಾಗದ ಮಕ್ಕಳಿಗೆ ಹೊಂದುವುದೇ?

ಪ್ರಶ್ನೆ: ಎಸ್‌ಡಿಎಂಸಿ ಸದಸ್ಯ, ಮಸ್ಕಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ರಾಯಚೂರು ಜಿಲ್ಲೆಯ ಮಸ್ಕಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ನಾನು ಪಾಲಕರ ಪರವಾಗಿ ಸದಸ್ಯನಾಗಿದ್ದೇನೆ. ಕಳೆದ ಸಭೆಯಲ್ಲಿ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮೂರಿನ ಯುವಕರೊಬ್ಬರು ಒಂದು ವಿಚಾರವನ್ನು ಮುಂದಿಟ್ಟರು. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಒಂದೇ ಸಮನೆ ಬೇಸಿಗೆ ರಜೆ ಕೊಡುವ ಬದಲು ಅಷ್ಟೇ ದಿನಗಳ ರಜೆಯನ್ನು ವರ್ಷದುದ್ದಕ್ಕೂ ಸಣ್ಣ ಸಣ್ಣ ಬಿಡುವುಗಳಾಗಿ ಹಂಚಿದರೆ, ಮಕ್ಕಳು ಕಲಿತದ್ದನ್ನು ಮರೆಯುವುದು ತಪ್ಪುತ್ತದೆ, ಬಿಸಿಯೂಟವೂ ದೀರ್ಘಕಾಲ ನಿಲ್ಲುವುದಿಲ್ಲ ಎಂಬುದು ಅವರ ವಾದ. ಅಮೆರಿಕದಲ್ಲಿ ಇಂತಹ ಶಾಲೆಗಳು ಬಹಳ ಕಾಲದಿಂದ ಇವೆಯೆಂದೂ ಅವರು ತಿಳಿಸಿದರು.

ಸಭೆಯಲ್ಲಿ ಅಭಿಪ್ರಾಯಗಳು ಎರಡಾದವು. ಜೂನ್ ತಿಂಗಳೆಲ್ಲ ಹಿಂದಿನ ವರ್ಷದ ಪಾಠವನ್ನೇ ಮತ್ತೆ ಹೇಳಿಕೊಡುವುದರಲ್ಲಿ ಕಳೆಯುತ್ತದೆ ಎಂದು ಶಿಕ್ಷಕಿಯೊಬ್ಬರು ಒಪ್ಪಿಕೊಂಡರು. ಆದರೆ ಮೇ ತಿಂಗಳಲ್ಲಿ ಮಕ್ಕಳನ್ನು ತಗಡಿನ ಮಾಡಿನ ಕೆಳಗೆ ಕೂರಿಸುವುದು ಹೇಗೆ ಎಂದು ಹಿರಿಯರು ಕೇಳಿದರು. ಗುಳೆ ಹೋಗುವ ಮನೆಗಳ ಮಕ್ಕಳಿಗೆ ಇದರಿಂದ ಒಳಿತಾಗುವುದೋ ಕೆಡುಕಾಗುವುದೋ ಎಂಬ ಪ್ರಶ್ನೆಗೆ ಯಾರಲ್ಲಿಯೂ ಉತ್ತರವಿರಲಿಲ್ಲ, ನನ್ನನ್ನು ಹೆಚ್ಚು ಕಾಡುತ್ತಿರುವುದು ಆ ಪ್ರಶ್ನೆಯೇ. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ದೀಪಾವಳಿಯ ನಂತರ ಖಾಲಿಯಾಗುವ ಸಾಲುಗಳು ಹೆಚ್ಚಾಗಿ ಇಂತಹ ಮನೆಗಳ ಮಕ್ಕಳವೇ ಆಗಿವೆ.

ಮುಂದಿನ ಸಭೆಯಲ್ಲಿ ಈ ವಿಷಯ ಮತ್ತೆ ಬರಲಿದೆ. ಶಿಕ್ಷಣ ಕ್ಷೇತ್ರದಲ್ಲಿ ಇರುವವರು ಮತ್ತು ನಮ್ಮ ಭಾಗದ ಪರಿಸ್ಥಿತಿಯನ್ನು ಹತ್ತಿರದಿಂದ ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ಪ್ರೌಢಶಾಲಾ ಶಿಕ್ಷಕ, ಸಿಂಧನೂರು

ಮಾನ್ಯರೇ, ವರ್ಷಪೂರ್ತಿ ಶಾಲೆ ಎಂಬ ಹೆಸರನ್ನು ಕೇಳಿದ ಕೂಡಲೇ ಮಕ್ಕಳಿಗೆ ರಜೆಯೇ ಇಲ್ಲವೆಂಬ ಭಾವನೆ ಮೂಡುತ್ತದೆ. ವಾಸ್ತವದಲ್ಲಿ ಶಾಲೆ ನಡೆಯುವ ಒಟ್ಟು ದಿನಗಳು ಸಾಮಾನ್ಯವಾಗಿ ಬದಲಾಗುವುದಿಲ್ಲ. ಅಮೆರಿಕದಲ್ಲಿ ಹೆಚ್ಚು ಪ್ರಚಲಿತವಾದ ಮಾದರಿಯಲ್ಲಿ 45 ದಿನ ಪಾಠ ನಡೆದ ಮೇಲೆ 15 ದಿನ ಬಿಡುವು ಸಿಗುತ್ತದೆ, ಈ ಸುತ್ತು ವರ್ಷಕ್ಕೆ ನಾಲ್ಕು ಬಾರಿ ಆವರ್ತಿಸಿ ಒಟ್ಟು 180 ದಿನಗಳ ಪಾಠವಾಗುತ್ತದೆ. ಬೇಸಿಗೆಯ ದೀರ್ಘ ರಜೆಯನ್ನು ಇಟ್ಟುಕೊಂಡ ಅಲ್ಲಿಯ ಶಾಲೆಗಳಲ್ಲಿಯೂ ನಡೆಯುವುದು ಸುಮಾರು 180 ದಿನಗಳೇ. ಇಲಿನಾಯ್ ರಾಜ್ಯದ ವ್ಯಾಲಿ ವ್ಯೂ ಎಂಬ ಶಾಲಾ ಜಿಲ್ಲೆ 1970ರಲ್ಲಿ ಈ ಪದ್ಧತಿಯನ್ನು ಕೈಗೆತ್ತಿಕೊಂಡಾಗ ಅದರ ಹಿಂದೆ ಇದ್ದ ದೊಡ್ಡ ಕಾರಣ ಕಲಿಕೆಯ ಸುಧಾರಣೆಯಾಗಿರಲಿಲ್ಲ, ಕೊಠಡಿಗಳ ಕೊರತೆಯಾಗಿತ್ತು. ಮಕ್ಕಳನ್ನು ನಾಲ್ಕು ತಂಡಗಳಾಗಿ ಮಾಡಿ, ಯಾವುದೇ ಹೊತ್ತಿನಲ್ಲಿ ಮೂರು ತಂಡಗಳು ಶಾಲೆಯಲ್ಲಿದ್ದು ಒಂದು ತಂಡ ರಜೆಯಲ್ಲಿರುವಂತೆ ನೋಡಿಕೊಂಡರೆ, ಅದೇ ಕಟ್ಟಡದಲ್ಲಿ ಮೂರನೆಯ ಒಂದು ಪಾಲಿನಷ್ಟು ಹೆಚ್ಚು ಮಕ್ಕಳಿಗೆ ಜಾಗ ಸಿಗುತ್ತದೆ.

ಕಟ್ಟಡದ ಉಳಿತಾಯಕ್ಕಾಗಿ ಮಾಡಿದ ಏರ್ಪಾಡು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಲಾಸ್ ಏಂಜಲೀಸ್ ನಗರವೇ ಉದಾಹರಣೆ. ಅಲ್ಲಿಯ ಕಿಕ್ಕಿರಿದ ಶಾಲೆಗಳು ಅನುಸರಿಸಿದ ಒಂದು ವೇಳಾಪಟ್ಟಿಯಲ್ಲಿ ಮಕ್ಕಳಿಗೆ ವರ್ಷಕ್ಕೆ 163 ದಿನಗಳ ಶಾಲೆ ಮಾತ್ರ ದೊರೆಯುತ್ತಿತ್ತು, ದಿನದ ಅವಧಿಯನ್ನು ಹಿಗ್ಗಿಸಿ ಲೆಕ್ಕವನ್ನು ಸರಿದೂಗಿಸಲಾಗುತ್ತಿತ್ತು. ಈ ಪಟ್ಟಿಗೆ ಒಳಗಾದವರಲ್ಲಿ ಬಡ ಕುಟುಂಬಗಳ ಮಕ್ಕಳೇ ಹೆಚ್ಚಾಗಿದ್ದರು. ಕೊನೆಗೆ ನ್ಯಾಯಾಲಯದಲ್ಲಿದ್ದ ಮೊಕದ್ದಮೆಯೊಂದು 2004ರಲ್ಲಿ ರಾಜಿಯಲ್ಲಿ ಮುಗಿದಾಗ, 2012ರೊಳಗೆ ಆ ಪದ್ಧತಿಯನ್ನು ಕೈಬಿಡಬೇಕೆಂದು ತೀರ್ಮಾನವಾಯಿತು.

ಇನ್ನು ಕಲಿಕೆಯ ವಿಷಯ. ದೀರ್ಘ ರಜೆಯಲ್ಲಿ ಮಕ್ಕಳು ಮರೆಯುತ್ತಾರೆ ಎಂಬುದಕ್ಕೆ ಆಧಾರವಿದೆ. 1996ರಲ್ಲಿ ಹ್ಯಾರಿಸ್ ಕೂಪರ್ ಮತ್ತು ಅವರ ಸಹೋದ್ಯೋಗಿಗಳು ಅದುವರೆಗಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ಬೇಸಿಗೆಯ ರಜೆಯಲ್ಲಿ ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ನಷ್ಟವಾಗುತ್ತದೆಂದು ಅಂದಾಜು ಮಾಡಿದರು. ಗಣಿತದಲ್ಲಿ ನಷ್ಟ ಹೆಚ್ಚು, ಓದಿನಲ್ಲಿ ಬಡ ಮಕ್ಕಳು ಹಿಂದೆ ಬಿದ್ದರೆ ಅನುಕೂಲಸ್ಥರ ಮಕ್ಕಳು ರಜೆಯಲ್ಲಿಯೂ ಸ್ವಲ್ಪ ಮುಂದಕ್ಕೆ ಹೋಗಿರುತ್ತಾರೆ. ಆದರೆ ರಜೆಯನ್ನು ಹಂಚಿದ ಮಾತ್ರಕ್ಕೆ ಈ ನಷ್ಟ ತುಂಬಿಬರುತ್ತದೆಯೇ ಎಂದು ಕೇಳಿದರೆ ಉತ್ತರ ಅಷ್ಟು ಆಶಾದಾಯಕವಾಗಿಲ್ಲ. ನಾರ್ತ್ ಕ್ಯಾರೊಲಿನಾ ರಾಜ್ಯದ ವೇಕ್ ಕೌಂಟಿಯಲ್ಲಿ 2007ರಲ್ಲಿ 22 ಶಾಲೆಗಳನ್ನು ವರ್ಷಪೂರ್ತಿ ವೇಳಾಪಟ್ಟಿಗೆ ಬದಲಾಯಿಸಲಾಯಿತು. ಅದರ ಫಲಿತಾಂಶವನ್ನು ಪರಿಶೀಲಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸರಾಸರಿ ವಿದ್ಯಾರ್ಥಿಯ ಕಲಿಕೆಯ ಮೇಲೆ ಅದರ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಒಮ್ಮೆಗೆ ದೊಡ್ಡದಾಗಿ ಮರೆಯುವ ಬದಲು ಮಗು ನಾಲ್ಕು ಸಲ ಸ್ವಲ್ಪ ಸ್ವಲ್ಪ ಮರೆಯುತ್ತದೆ, ಪಾಠದ ಒಟ್ಟು ಗಂಟೆಗಳು ಮಾತ್ರ ಅಷ್ಟೇ ಇರುತ್ತವೆ.

ನನ್ನ ಅಭಿಪ್ರಾಯದಲ್ಲಿ ಈ ಪದ್ಧತಿಯ ನಿಜವಾದ ಲಾಭ ಬಿಡುವಿನ ವಾರಗಳಲ್ಲಿದೆ. ಆ ದಿನಗಳಲ್ಲಿ ಹಿಂದುಳಿದ ಮಕ್ಕಳಿಗೆ ಶಾಲೆಯಲ್ಲಿಯೇ ಪರಿಹಾರ ಬೋಧನೆ ನಡೆಸಿದರೆ, ಕೊರತೆಯನ್ನು ಅದು ಹುಟ್ಟಿದ ಒಂದೆರಡು ತಿಂಗಳಲ್ಲೇ ಸರಿಪಡಿಸಲು ಸಾಧ್ಯ. ಎಂಟನೆಯ ತರಗತಿಗೆ ಬಂದ ಹುಡುಗನಿಗೆ ಭಾಗಾಕಾರ ಬಾರದೆಂದು ನನಗೆ ಜೂನ್‌ನಲ್ಲಿ ಗೊತ್ತಾಗುವ ಹೊತ್ತಿಗೆ, ಆ ಕೊರತೆಗೆ ಮೂರು ವರ್ಷ ವಯಸ್ಸಾಗಿರುತ್ತದೆ. ಆದರೆ ಬಿಡುವಿನ ತರಗತಿಗಳಿಗೆ ಬೇರೆ ಶಿಕ್ಷಕರು ಬೇಕು, ಬೇರೆ ಹಣ ಬೇಕು. ಅದನ್ನು ಒದಗಿಸದೆ ಬರಿಯ ವೇಳಾಪಟ್ಟಿಯನ್ನು ಬದಲಿಸುವುದರಿಂದ ಹೆಚ್ಚಿನದನ್ನು ನಿರೀಕ್ಷಿಸಬಾರದು.

ಉತ್ತರ 2: ಅಂಗನವಾಡಿ ಕಾರ್ಯಕರ್ತೆ, ಕುಷ್ಟಗಿ ತಾಲ್ಲೂಕು

ಗುರುಗಳು ಕಲಿಕೆಯ ಬಗ್ಗೆ ಬರೆದಿದ್ದಾರೆ. ನಾನು ಊಟದ ಬಗ್ಗೆ ಮತ್ತು ಗುಳೆಯ ಬಗ್ಗೆ ಬರೆಯುತ್ತೇನೆ, ಏಕೆಂದರೆ ಪ್ರತಿ ವರ್ಷ ಇವೆರಡನ್ನೂ ನಾನು ಕಣ್ಣಾರೆ ಕಾಣುತ್ತಿದ್ದೇನೆ.

ಅಂಗನವಾಡಿಯಲ್ಲಿ ಮಕ್ಕಳಿಗೆ ವರ್ಷಕ್ಕೆ 300 ದಿನ ಪೂರಕ ಪೌಷ್ಟಿಕ ಆಹಾರ ನೀಡಬೇಕೆಂಬ ನಿಯಮವಿದೆ. ಅಂದರೆ ನಮ್ಮ ಕೇಂದ್ರಗಳು ಒಂದು ರೀತಿಯಲ್ಲಿ ವರ್ಷಪೂರ್ತಿ ನಡೆಯುತ್ತವೆ. ಆರು ವರ್ಷ ತುಂಬಿ ಒಂದನೆಯ ತರಗತಿಗೆ ಸೇರಿದ ಮಗುವಿಗೆ ಮಾತ್ರ ಬೇಸಿಗೆಯಲ್ಲಿ ಈ ಊಟ ನಿಂತುಹೋಗುತ್ತದೆ. 2013ರ ಆಹಾರ ಭದ್ರತಾ ಕಾಯ್ದೆಯೂ ಶಾಲಾ ಮಕ್ಕಳಿಗೆ ರಜಾ ದಿನಗಳನ್ನು ಬಿಟ್ಟು ಉಳಿದ ದಿನಗಳಲ್ಲಿ ಬಿಸಿಯೂಟದ ಹಕ್ಕನ್ನು ಕೊಡುತ್ತದೆ. ಹೀಗಾಗಿ ರಜೆಯ ಪಟ್ಟಿಯೇ ಬಡ ಮಗುವಿನ ಊಟದ ಪಟ್ಟಿಯನ್ನು ನಿರ್ಧರಿಸುತ್ತದೆ. ಮೇ ತಿಂಗಳಲ್ಲಿ ತಮ್ಮನನ್ನೋ ತಂಗಿಯನ್ನೋ ಬಿಡಲು ಬರುವ ಎಂಟೊಂಬತ್ತು ವರ್ಷದ ಮಕ್ಕಳು ನಮ್ಮ ಕೇಂದ್ರದ ಬಾಗಿಲಲ್ಲಿಯೇ ಸುಮ್ಮನೆ ಕುಳಿತಿರುವುದನ್ನು ನೋಡಿದಾಗ ಹೊಟ್ಟೆ ಕಿವುಚಿದಂತಾಗುತ್ತದೆ. 2002ರಲ್ಲಿ ಅಕ್ಷರ ದಾಸೋಹ ಎಂಬ ಬಿಸಿಯೂಟ ಯೋಜನೆಯನ್ನು ಮೊದಲು ನಮ್ಮ ಉತ್ತರದ ಏಳು ಜಿಲ್ಲೆಗಳಲ್ಲಿಯೇ ಆರಂಭಿಸಿದ್ದು ಇಲ್ಲಿಯ ಹಸಿವನ್ನು ಕಂಡೇ ಅಲ್ಲವೇ? ಆ ಹಸಿವಿಗೆ ಬೇಸಿಗೆ ರಜೆ ಇಲ್ಲ. ಈ ಒಂದು ಕಾರಣಕ್ಕಾಗಿ ಸಣ್ಣ ಬಿಡುವುಗಳ ಪದ್ಧತಿ ನನಗೆ ಒಳ್ಳೆಯದೆನ್ನಿಸುತ್ತದೆ.

ಗುಳೆಯ ಲೆಕ್ಕ ಇಷ್ಟು ಸರಳವಾಗಿಲ್ಲ. ನಮ್ಮ ಕಡೆ ಎರಡು ಬಗೆಯ ಗುಳೆಯಿದೆ. ಮುಂಗಾರಿನ ಬೆಳೆ ಕೈಕೊಟ್ಟ ವರ್ಷ ದೀಪಾವಳಿ ಮುಗಿಯುವ ಮೊದಲೇ ಮನೆಗೆ ಬೀಗ ಹಾಕಿ ಬೆಂಗಳೂರು, ಮಂಗಳೂರು, ಗೋವಾ ಎಂದು ಹೊರಡುವವರು ಒಂದು ಕಡೆ. ಅವರು ಶಾಲೆಯ ರಜೆಗಾಗಿ ಕಾಯುವುದಿಲ್ಲ, ಮೇಸ್ತ್ರಿ ಕೊಟ್ಟ ಮುಂಗಡಕ್ಕೆ ತಲೆಬಾಗಿ ಮಕ್ಕಳನ್ನೂ ಕಟ್ಟಿಕೊಂಡು ಹೋಗುತ್ತಾರೆ. ಮಕ್ಕಳ ಪರೀಕ್ಷೆ ಮುಗಿಯುವ ತನಕ ಹೇಗೋ ತಡೆದುಕೊಂಡು, ಏಪ್ರಿಲ್‌ನಲ್ಲಿ ಸೂಟಿ ಬಿಟ್ಟ ಮರುದಿನವೇ ಬಸ್ಸು ಹತ್ತುವವರು ಇನ್ನೊಂದು ಕಡೆ. ಈ ಎರಡನೆಯವರಿಗೆ ದೀರ್ಘ ರಜೆಯೇ ಹೊರಡುವುದಕ್ಕೆ ಅವಕಾಶ. ಮೇ ಕೊನೆಗೆ ಶಾಲೆ ತೆರೆದರೂ ಅವರು ಹಿಂತಿರುಗುವುದು ಬಿತ್ತನೆಗೆ ಮಳೆ ಬಿದ್ದ ಮೇಲೆಯೇ, ಆ ವೇಳೆಗೆ ಮಗುವಿನ ಪಾಠ ಒಂದು ತಿಂಗಳು ಮುಂದೆ ಹೋಗಿರುತ್ತದೆ. ಹದಿನೈದು ದಿನಗಳ ಬಿಡುವಿಗಾಗಿ ಯಾರೂ ಬೆಂಗಳೂರಿಗೆ ಗುಳೆ ಹೋಗುವುದಿಲ್ಲ, ಆದ್ದರಿಂದ ಇಂತಹ ಕೆಲವು ಮನೆಯವರಾದರೂ ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಹೋಗಬಹುದೆಂಬುದು ನನ್ನ ನಿರೀಕ್ಷೆ. ಮೊದಲನೆಯವರಿಗೆ ಯಾವ ವೇಳಾಪಟ್ಟಿಯಿಂದಲೂ ಸಹಾಯವಾಗದು, ಅವರ ಮಕ್ಕಳಿಗೆ ಬೇಕಾದದ್ದು ಊರಿನಲ್ಲಿಯೇ ಉಳಿಯಲು ಋತುಮಾನದ ವಸತಿ ವ್ಯವಸ್ಥೆ.

ಒಂದು ಮಾತನ್ನು ಸೇರಿಸಬೇಕು. ಅಜ್ಜಿಯ ಬಳಿ ಬಿಟ್ಟುಹೋದ ಹೆಣ್ಣುಮಗಳ ಹೆಗಲಿಗೆ ಮನೆಯ ನೀರು, ಕಸ, ತಮ್ಮ ತಂಗಿಯರ ಆರೈಕೆ ಎಲ್ಲವೂ ಬೀಳುತ್ತದೆ. ಶಾಲೆ ನಡೆಯುವ ದಿನಗಳಲ್ಲಿ ಕನಿಷ್ಠ ಅಷ್ಟು ಗಂಟೆ ಅವಳು ಮಗುವಾಗಿ ಇರುತ್ತಾಳೆ.

ಉತ್ತರ 3: ವಕೀಲ, ರಾಯಚೂರು

ಅಕ್ಕನವರು ಬರೆದ ಊಟದ ವಿಷಯವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ರಜೆಯನ್ನು ಹಂಚುವಾಗ ಅದು ಯಾವ ತಿಂಗಳಿಗೆ ಬೀಳುತ್ತದೆ ಎಂಬುದನ್ನು ಯಾರೂ ಹಗುರವಾಗಿ ನೋಡಬಾರದೆಂದು ಕೋರುತ್ತೇನೆ.

2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿಯಾಗಿ, 14 ವರ್ಷದೊಳಗಿನ ಮಕ್ಕಳನ್ನು ಯಾವುದೇ ಉದ್ಯೋಗದಲ್ಲಿ ತೊಡಗಿಸುವುದನ್ನು ನಿಷೇಧಿಸಲಾಯಿತು. ಅದೇ ತಿದ್ದುಪಡಿಯಲ್ಲಿ ಒಂದು ವಿನಾಯಿತಿಯೂ ಇದೆ. ಅಪಾಯಕಾರಿಯಲ್ಲದ ಕುಟುಂಬದ ಕೆಲಸದಲ್ಲಿ ಮಗು ಶಾಲಾ ಸಮಯದ ನಂತರ ಅಥವಾ ರಜೆಯ ಅವಧಿಯಲ್ಲಿ ನೆರವಾಗಬಹುದು. ಈಗ ದೀರ್ಘ ರಜೆ ಇರುವುದು ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ, ಆಗ ನಮ್ಮ ಒಣಭೂಮಿಯ ಹೊಲಗಳಲ್ಲಿ ಕೆಲಸ ಕಡಿಮೆ. 45 ಮತ್ತು 15ರ ಲೆಕ್ಕದಲ್ಲಿ ಹಂಚಿದರೆ ಒಂದು ಬಿಡುವು ಆಗಸ್ಟ್ ಅಥವಾ ಸೆಪ್ಟೆಂಬರ್‌ಗೆ, ಇನ್ನೊಂದು ನವೆಂಬರ್ ಅಥವಾ ಡಿಸೆಂಬರ್‌ಗೆ ಬರುವುದು ಅನಿವಾರ್ಯ. ಮೊದಲನೆಯದು ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್, ಅಂದರೆ ಕೈಯಿಂದ ಹೂವಿಗೆ ಪರಾಗ ಮುಟ್ಟಿಸುವ ಕೆಲಸ, ನಡೆಯುವ ಕಾಲ, ಎರಡನೆಯದು ಹತ್ತಿ ಬಿಡಿಸುವ ಕಾಲ. ಈ ಎರಡೂ ಕೆಲಸಗಳಿಗೆ ಸಣ್ಣ ಕೈಗಳೇ ಬೇಕೆಂದು ಕೇಳುವವರು ಇಂದಿಗೂ ಇದ್ದಾರೆ. ಬೆಳಿಗ್ಗೆ ಟಂಟಂ ಗಾಡಿಗಳಲ್ಲಿ ಹೆಂಗಸರ ನಡುವೆ ತುಂಬಿಕೊಂಡು ಹೋಗುವ ಮಕ್ಕಳನ್ನು ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ನೋಡದವರಿಲ್ಲ.

ಈಗ ಅಧಿಕಾರಿಗಳು ಅಂತಹ ಗಾಡಿಯನ್ನು ತಡೆದಾಗ, ಈ ಮಗು ಶಾಲೆಯಲ್ಲಿ ಇರಬೇಕಾದ ಹೊತ್ತಿನಲ್ಲಿ ಇಲ್ಲೇಕೆ ಇದೆ ಎಂದು ಕೇಳಬಹುದು. ಆ ಒಂದು ಪ್ರಶ್ನೆಯೇ ಮಗುವಿಗೆ ಇರುವ ಬಲವಾದ ರಕ್ಷಣೆ. ಹತ್ತಿಯ ಕಾಲದಲ್ಲಿ ಅಧಿಕೃತ ರಜೆ ಕೊಟ್ಟರೆ ಆ ಪ್ರಶ್ನೆಯೇ ಇಲ್ಲವಾಗುತ್ತದೆ. ಕೂಲಿಗೆ ಹೊರಟ ಮಗುವನ್ನು ಸ್ವಂತ ಹೊಲಕ್ಕೆ ಹೊರಟಿದೆ ಎಂದು ಹೇಳಿದರೆ ಅದನ್ನು ಸುಳ್ಳೆಂದು ತೋರಿಸುವ ಹೊಣೆ ಅಧಿಕಾರಿಯ ಮೇಲೆ ಬೀಳುತ್ತದೆ. ಮಕ್ಕಳು ಹೇಗೂ ಆಗ ಗೈರುಹಾಜರಾಗುತ್ತಾರೆ, ಅದಕ್ಕಿಂತ ರಜೆ ಕೊಡುವುದೇ ಮೇಲು ಎಂಬ ವಾದವನ್ನು ನಾನು ಹಲವರ ಬಾಯಲ್ಲಿ ಕೇಳಿದ್ದೇನೆ. ಅದನ್ನು ಒಪ್ಪಿದರೆ ಶಾಲೆಯೇ ಮಗುವನ್ನು ಹೊಲಕ್ಕೆ ಕಳುಹಿಸಿದಂತಾಗುತ್ತದೆ.

ಉತ್ತರ 4: ನಿವೃತ್ತ ಶಿಕ್ಷಣಾಧಿಕಾರಿ, ಬಳ್ಳಾರಿ

ಈ ಚರ್ಚೆಯನ್ನು ಓದಿ ಸಂತೋಷವಾಯಿತು. ಆಡಳಿತದ ಕಡೆಯಿಂದ ಕೆಲವು ಸಂಗತಿಗಳನ್ನು ಹೇಳುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ.

ಮೊದಲಿಗೆ ಕಾನೂನು. 2009ರ ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ ಮತ್ತು 800 ಬೋಧನಾ ಗಂಟೆ, ಆರರಿಂದ ಎಂಟಕ್ಕೆ 220 ದಿನ ಮತ್ತು 1000 ಗಂಟೆ ಇರಬೇಕೆಂದು ನಿಗದಿಪಡಿಸಿದೆ. ಈ ದಿನಗಳು ಯಾವ ತಿಂಗಳಲ್ಲಿ ಬರಬೇಕೆಂದು ಕಾಯ್ದೆ ಹೇಳುವುದಿಲ್ಲ. ಅದೇ ಕಾಯ್ದೆಯ 9ನೆಯ ಪ್ರಕರಣದಲ್ಲಿ ಶೈಕ್ಷಣಿಕ ವೇಳಾಪಟ್ಟಿಯನ್ನು ನಿರ್ಧರಿಸುವುದು ಸ್ಥಳೀಯ ಪ್ರಾಧಿಕಾರದ ಹೊಣೆಗಳಲ್ಲಿ ಒಂದೆಂದು ಸೇರಿದೆ. ಶಾಲಾ ಸಮಯವನ್ನೂ ರಜೆಗಳನ್ನೂ ಮಕ್ಕಳ ಅನುಕೂಲಕ್ಕೆ ಹೊಂದಿಸಬೇಕೆಂದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳಿತ್ತು. ವ್ಯವಹಾರದಲ್ಲಿ ಮಾತ್ರ ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಪಟ್ಟಿ ಬೆಂಗಳೂರಿನಿಂದ ಹೊರಡುತ್ತದೆ. ಆದ್ದರಿಂದ ಈ ಪ್ರಸ್ತಾವ ಕಾನೂನಿಗೆ ವಿರುದ್ಧವಾದುದಲ್ಲ. ಆದರೆ ಒಂದು ಶಾಲೆಯ ಎಸ್‌ಡಿಎಂಸಿ ತಾನೊಂದೇ ನಿಂತು ಇದನ್ನು ಜಾರಿಗೆ ತರಲಾಗದು.

ಎರಡನೆಯದು ಬಿಸಿಲು. ನಮ್ಮ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ಕ್ಕೆ ಬದಲಾಯಿಸುತ್ತಾರೆ. ಬಳ್ಳಾರಿಯಲ್ಲೂ ರಾಯಚೂರಿನಲ್ಲೂ 40 ಡಿಗ್ರಿ ದಾಟುವುದು ಆ ದಿನಗಳಲ್ಲಿ ಸಾಮಾನ್ಯ. ಫ್ಯಾನಿನ ಕೆಳಗೆ ಕುಳಿತ ಗುಮಾಸ್ತರಿಗೆ ಅನ್ವಯಿಸುವ ಎಚ್ಚರಿಕೆ, ಬರಿಗಾಲಿನಲ್ಲಿ ಎರಡು ಕಿಲೋಮೀಟರ್ ನಡೆದು ಮನೆ ಸೇರುವ ಆರು ವರ್ಷದ ಮಗುವಿಗೆ ಅನ್ವಯಿಸಬಾರದೇ? ಬೆಳಗಿನ ಶಾಲೆ ನಡೆಸಿದರೂ ಮಗು ಮನೆಗೆ ಹೊರಡುವುದು ಸುಡುಬಿಸಿಲಿನಲ್ಲಿಯೇ. ಹಲವು ಶಾಲೆಗಳಲ್ಲಿ ಬೇಸಿಗೆಯ ಆ ದಿನಗಳಲ್ಲಿ ಕುಡಿಯುವ ನೀರಿನ ಬೋರ್‌ವೆಲ್ ಬತ್ತಿರುತ್ತದೆ, ಶೌಚಾಲಯಕ್ಕೆ ನೀರಿರುವುದಿಲ್ಲ. ವರ್ಷಪೂರ್ತಿ ಶಾಲೆಯನ್ನು ನಡೆಸುವ ಅಮೆರಿಕದ ಶಾಲೆಗಳು ಬೇಸಿಗೆಯಲ್ಲಿ ಹವಾನಿಯಂತ್ರಣಕ್ಕೆ ಹಣ ಸುರಿಯುತ್ತವೆ. ನಾವು ಮೊದಲು ಮಾಡಿಗೆ ತಗಡಿನ ಬದಲು ಕಾಂಕ್ರೀಟ್ ಹಾಕಿಸಿ, ನೀರು ಮತ್ತು ನೆರಳನ್ನು ಒದಗಿಸಿ, ಆಮೇಲೆ ಮೇ ತಿಂಗಳಿನ ಶಾಲೆಯ ಮಾತನಾಡಬೇಕು.

ಬೇಸಿಗೆಯನ್ನು ಮೊಟಕುಗೊಳಿಸಿದ ಅನುಭವ ನಮಗೆ ಇಲ್ಲದೆ ಇಲ್ಲ. ಕೋವಿಡ್ ಕಾಲದ ಕಲಿಕಾ ನಷ್ಟವನ್ನು ತುಂಬಲು 2022ರಲ್ಲಿ ಸರ್ಕಾರ ಮೇ 16ಕ್ಕೇ ಶಾಲೆಗಳನ್ನು ತೆರೆದು, ಕಲಿಕಾ ಚೇತರಿಕೆ ವರ್ಷವೆಂದು ಘೋಷಿಸಿ, ಮೊದಲ ಎರಡು ವಾರ ಮಳೆಬಿಲ್ಲು ಎಂಬ ಚಟುವಟಿಕೆಗಳ ಕಾರ್ಯಕ್ರಮವನ್ನು ನಡೆಸಿತು. ಆಟ, ಹಾಡು, ಕತೆಗಳ ಮೂಲಕ ಮಕ್ಕಳನ್ನು ಮತ್ತೆ ಶಾಲೆಗೆ ಒಗ್ಗಿಸುವ ಆ ಕ್ರಮ ಒಳ್ಳೆಯದಾಗಿತ್ತು. ನಮ್ಮ ಭಾಗದ ಹಳ್ಳಿಗಳಲ್ಲಿ ಮಾತ್ರ ಮೊದಲ ವಾರದ ಹಾಜರಿ ತೀರಾ ತೆಳುವಾಗಿತ್ತೆಂದು ಅನೇಕ ಶಿಕ್ಷಕರಿಂದ ಕೇಳಿದೆ, ಏಕೆಂದರೆ ಗುಳೆ ಹೋದವರು ಆಗಿನ್ನೂ ಬಂದಿರಲಿಲ್ಲ.

ಮೂರನೆಯದು ಶಿಕ್ಷಕರ ಮತ್ತು ಸಿಬ್ಬಂದಿಯ ಸ್ಥಿತಿ. ಶಿಕ್ಷಣ ಇಲಾಖೆಯನ್ನು ರಜೆ ಸಹಿತ ಇಲಾಖೆಯೆಂದು ಪರಿಗಣಿಸುವುದರಿಂದ ಶಿಕ್ಷಕರಿಗೆ ಇತರ ನೌಕರರಷ್ಟು ಗಳಿಕೆ ರಜೆ ಸಿಗುವುದಿಲ್ಲ. ಬೇಸಿಗೆ ರಜೆಯನ್ನು ಮುರಿದರೆ ಈ ಲೆಕ್ಕವನ್ನೆಲ್ಲ ಹೊಸದಾಗಿ ಬರೆಯಬೇಕಾಗುತ್ತದೆ. ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನ, ಚುನಾವಣೆ, ಗಣತಿ ಇವೆಲ್ಲವೂ ಶಿಕ್ಷಕರ ರಜೆಯನ್ನೇ ನಂಬಿಕೊಂಡು ನಡೆಯುತ್ತಿವೆ. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಬಿಡುವುಗಳು ವರ್ಷಕ್ಕೆ ನಾಲ್ಕಾದರೆ ಪ್ರತಿ ಬಿಡುವಿಗೂ ಒಂದೊಂದು ಸರ್ಕಾರಿ ಕೆಲಸ ಅಂಟಿಕೊಳ್ಳುವ ಅಪಾಯವಿದೆ, ಆಗ ಸಿಂಧನೂರಿನ ಗುರುಗಳು ಹೇಳಿದ ಪರಿಹಾರ ಬೋಧನೆಗೆ ಯಾರೂ ಉಳಿಯುವುದಿಲ್ಲ. ನಮ್ಮ ಭಾಗದ ಎಷ್ಟೋ ಶಾಲೆಗಳು ನಡೆಯುತ್ತಿರುವುದೇ ಅತಿಥಿ ಶಿಕ್ಷಕರಿಂದ, ಬೇಸಿಗೆಯ ತಿಂಗಳುಗಳಿಗೆ ಅವರ ಗೌರವಧನದ ಏರ್ಪಾಡು ಇಲ್ಲ.

ನಾಲ್ಕನೆಯದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಒಂದೇ ಮನೆಯ ಒಂದು ಮಗು ಪ್ರಾಥಮಿಕ ಶಾಲೆಯಲ್ಲಿ, ಇನ್ನೊಂದು ಮೊರಾರ್ಜಿ ವಸತಿ ಶಾಲೆಯಲ್ಲಿ, ಮತ್ತೊಂದು ಪಿಯು ಕಾಲೇಜಿನಲ್ಲಿ ಓದುತ್ತಿರುತ್ತದೆ. ಎಲ್ಲರಿಗೂ ಬೇರೆ ಬೇರೆ ಹೊತ್ತಿಗೆ ರಜೆ ಬಂದರೆ ಆ ಮನೆಯವರು ಒಟ್ಟಿಗೆ ಸೇರುವ ದಿನಗಳೇ ಸಿಗುವುದಿಲ್ಲ. ಬದಲಾವಣೆ ತಂದರೆ ಜಿಲ್ಲೆಯ ಮಟ್ಟದಲ್ಲಿ, ಎಲ್ಲ ಶಾಲೆಗಳಿಗೂ ಒಟ್ಟಿಗೆ ತರಬೇಕು. ಹಾಗೆ ಹೇಳುವಾಗಲೂ ಒಂದು ತೊಡಕಿದೆ. ಒಂದೇ ಜಿಲ್ಲೆಯೊಳಗೆ ಕಾಲುವೆಯ ನೀರು ಹರಿಯುವ ಸಿಂಧನೂರು, ಮಾನ್ವಿಗಳ ಭತ್ತದ ಊರುಗಳಿಗೂ, ಮಳೆಯನ್ನೇ ನಂಬಿದ ದೇವದುರ್ಗ, ಲಿಂಗಸುಗೂರುಗಳ ಊರುಗಳಿಗೂ ದುಡಿಮೆಯ ಕಾಲ ಒಂದೇ ಅಲ್ಲ.

ಉತ್ತರ 5: ಕಿನ್ನಾಳದ ಪಾಲಕ, ಕೊಪ್ಪಳ ಜಿಲ್ಲೆ

ಹಿರಿಯರೆಲ್ಲರೂ ದೀರ್ಘ ರಜೆಯ ನಷ್ಟವನ್ನು ಹೇಳಿದ್ದೀರಿ. ನನ್ನ ಮಕ್ಕಳ ಬಾಳಿನಲ್ಲಿ ಅದರಿಂದ ದೊರೆತದ್ದನ್ನೂ ದಾಖಲಿಸಲು ಬಯಸುತ್ತೇನೆ. ನಮ್ಮೂರಿನ ಚಿತ್ರಗಾರರ ಮನೆಗಳಲ್ಲಿ ಮಕ್ಕಳು ಗೊಂಬೆಯ ಕೆಲಸವನ್ನು ನೋಡಿ ಕಲಿಯುವುದು ಬೇಸಿಗೆಯಲ್ಲಿಯೇ. ಹಗುರವಾದ ಮರವನ್ನು ಕೆತ್ತುವುದು, ಅಂಟನ್ನು ಹದಗೊಳಿಸುವುದು, ಒಂದು ಪದರ ಒಣಗುವವರೆಗೆ ಕಾದು ಮುಂದಿನದನ್ನು ಬಳಿಯುವುದು, ಕೊನೆಗೆ ಬಣ್ಣ ಹಚ್ಚುವುದು, ಹೀಗೆ ಒಂದು ಗೊಂಬೆಯ ಹುಟ್ಟಿನಿಂದ ಮುಗಿಯುವವರೆಗೆ ಜೊತೆಗಿರಬೇಕಾದರೆ ವಾರಗಟ್ಟಲೆ ಬಿಡುವು ಬೇಕು. ತುಂಡು ರಜೆಗಳಲ್ಲಿ ಮಗು ಕೆತ್ತನೆಯನ್ನು ನೋಡಿದರೆ ಬಣ್ಣವನ್ನು ನೋಡುವುದಿಲ್ಲ. ವಕೀಲರು ಹೇಳಿದ ದುಡಿಮೆಗೂ ಈ ಕಲಿಕೆಗೂ ವ್ಯತ್ಯಾಸವಿದೆಯೆಂದು ನಂಬಿದ್ದೇನೆ, ಏಕೆಂದರೆ ಇಲ್ಲಿ ಮಗುವಿನ ಕೂಲಿಯ ಮೇಲೆ ಯಾರ ಕಣ್ಣೂ ಇಲ್ಲ.

ಜಾತ್ರೆ, ಅಜ್ಜಿಯ ಊರು, ಹುಲಿಗೆಮ್ಮನ ದರ್ಶನ ಇವೂ ಮಗುವಿಗೆ ಬೇಕು. ಬಿಡುವಿನ ದಿನಗಳನ್ನು ಪರಿಹಾರ ಬೋಧನೆಯಿಂದಲೇ ತುಂಬಿಬಿಟ್ಟರೆ, ಕಲಿಕೆಯಲ್ಲಿ ಹಿಂದುಳಿದ ಮಗುವಿಗೆ ವರ್ಷದಲ್ಲಿ ಒಂದು ದಿನವೂ ರಜೆ ಸಿಗದಂತಾದೀತು ಎಂಬ ಆತಂಕ ನನಗಿದೆ. ಬಡ ಮಗುವಿಗೆ ಪಾಠ, ಉಳ್ಳವರ ಮಗುವಿಗೆ ಬಿಡುವು ಎಂದಾಗಬಾರದು.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಸಭೆಯಲ್ಲಿ ನಾನು ಏನನ್ನು ಕೇಳಬೇಕು ಎಂಬುದು ಈಗ ಸ್ಪಷ್ಟವಾಗಿದೆ. ಏಪ್ರಿಲ್ ಮತ್ತು ಮೇ ತಿಂಗಳುಗಳ ರಜೆಯನ್ನು ಮುರಿಯಬೇಕೆಂಬ ಬೇಡಿಕೆಯನ್ನು ನಾನು ಮುಂದಿಡುವುದಿಲ್ಲ. ಬಿಸಿಲಿನ ಕಾರಣ ಮತ್ತು ಹತ್ತಿಯ ಕಾಲದ ಕಾರಣ ಎರಡೂ ನನಗೆ ಮನವರಿಕೆಯಾಗಿವೆ. ಅದರ ಬದಲು ರಜೆಯ ಅವಧಿಯಲ್ಲಿ ಮುಂಜಾನೆ ಎರಡು ಗಂಟೆಗಳ ಕಾಲ ಶಾಲೆಯ ಅಡುಗೆಮನೆ ತೆರೆದಿರಬೇಕು, ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಮಕ್ಕಳ ಪುಸ್ತಕಗಳು ಕೈಗೆ ಸಿಗುವಂತಿರಬೇಕು ಎಂದು ಕೇಳಬೇಕೆಂದಿದ್ದೇನೆ. ದೀಪಾವಳಿಗೆ ಮೊದಲೇ ಗುಳೆ ಹೊರಡುವ ಮನೆಗಳ ಪಟ್ಟಿಯನ್ನು ಸೆಪ್ಟೆಂಬರ್‌ನಲ್ಲಿಯೇ ತಯಾರಿಸಿ, ಋತುಮಾನದ ವಸತಿ ವ್ಯವಸ್ಥೆಗಾಗಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಅರ್ಜಿ ಸಲ್ಲಿಸುವ ವಿಚಾರವೂ ಇದೆ.

ಬಳ್ಳಾರಿಯ ಹಿರಿಯರನ್ನು ಒಂದು ವಿಷಯ ಕೇಳಬೇಕಿದೆ. ಬೇಸಿಗೆ ರಜೆಯಲ್ಲಿ ಬಿಸಿಯೂಟ ನೀಡಲು ಈಗಿರುವ ನಿಯಮದಲ್ಲಿ ಅವಕಾಶವಿದೆಯೇ, ಇಲ್ಲವೇ ಹೊಸ ಆದೇಶವೇ ಬೇಕೇ?

ನಿವೃತ್ತ ಶಿಕ್ಷಣಾಧಿಕಾರಿ, ಬಳ್ಳಾರಿ

ಬರಗಾಲದ ವರ್ಷಗಳಲ್ಲಿ ಅವಕಾಶವಿದೆ. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ನೀಡಬೇಕೆಂದು ಸುಪ್ರೀಂ ಕೋರ್ಟ್ 2004ರ ಏಪ್ರಿಲ್‌ನಲ್ಲಿ ಆದೇಶಿಸಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದ ಮೇಲೆ, 2024ರ ಬೇಸಿಗೆಯಲ್ಲಿ ಅಂತಹ ತಾಲ್ಲೂಕುಗಳ ಮಕ್ಕಳಿಗೆ ರಜೆಯಲ್ಲಿಯೂ ಊಟ ನೀಡಲಾಯಿತು. ಆದ್ದರಿಂದ ಅಕ್ಕಿ, ಬೇಳೆ ಪೂರೈಸುವ ದಾರಿ ಇಲಾಖೆಗೆ ಗೊತ್ತಿರುವುದೇ. ಬರ ಘೋಷಣೆಯಾಗದ ವರ್ಷವೂ ಕಲ್ಯಾಣ ಕರ್ನಾಟಕದ ಒಣಭೂಮಿಯ ತಾಲ್ಲೂಕುಗಳಿಗೆ ಇದನ್ನು ವಿಸ್ತರಿಸಬೇಕೆಂದು ನಿಮ್ಮ ಎಸ್‌ಡಿಎಂಸಿ ಮತ್ತು ಗ್ರಾಮ ಪಂಚಾಯಿತಿ ಎರಡೂ ನಿರ್ಣಯ ಮಾಡಿ ಜಿಲ್ಲಾ ಪಂಚಾಯಿತಿಗೆ ಕಳುಹಿಸಿ. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳಿಂದಲೇ ಈ ಬೇಡಿಕೆ ಬಂದು ನಡಾವಳಿಯಲ್ಲಿ ದಾಖಲಾದರೆ ಅದಕ್ಕೆ ಹೆಚ್ಚಿನ ತೂಕ ಬರುತ್ತದೆ.

ಅಂಗನವಾಡಿ ಕಾರ್ಯಕರ್ತೆ, ಕುಷ್ಟಗಿ ತಾಲ್ಲೂಕು

ನಿರ್ಣಯದಲ್ಲಿ ಅಡುಗೆಯವರನ್ನು ಮರೆಯಬೇಡಿ ಅಣ್ಣಾವ್ರೇ. ಬಿಸಿಯೂಟದ ಅಡುಗೆ ಸಿಬ್ಬಂದಿಗೆ ಗೌರವಧನ ಲೆಕ್ಕವಾಗುವುದು ವರ್ಷಕ್ಕೆ ಹತ್ತು ತಿಂಗಳಿಗೆ. ಬೇಸಿಗೆಯ ಎರಡು ತಿಂಗಳ ಹಣವನ್ನು ಸ್ಪಷ್ಟವಾಗಿ ಬರೆಯದಿದ್ದರೆ ಆ ತಾಯಂದಿರು ಸಂಬಳವಿಲ್ಲದೆ ಒಲೆಯ ಮುಂದೆ ನಿಲ್ಲಬೇಕಾಗುತ್ತದೆ. ಅವರಲ್ಲಿ ಅನೇಕರು ಏಪ್ರಿಲ್‌ನಲ್ಲಿ ಉದ್ಯೋಗ ಖಾತ್ರಿಯ ಕೆಲಸಕ್ಕೆ ಹೋಗುವವರು, ಆ ಕೂಲಿಯನ್ನು ಬಿಟ್ಟು ಬರಬೇಕಾದವರು. ಅವರನ್ನೂ ಸಭೆಗೆ ಕರೆದು, ಅವರ ಒಪ್ಪಿಗೆಯನ್ನು ಪಡೆದ ನಂತರವೇ ನಿರ್ಣಯಕ್ಕೆ ಸಹಿ ಹಾಕಿಸಿ.